ತಿರುಗುಪೀಠ ಮತ್ತು ಮೋಟರಿನ ಪ್ರತಿಷ್ಠೆ

ಹಿತ್ತಲಿನ ಮರದ ಶೆಡ್ಡಿನೊಳಕ್ಕೆ ಮೋಟಾರ್‌ಸೈಕಲನ್ನು ಮುಮ್ಮುಖವಾಗಿ ಒಯ್ದು, ಮರುದಿನ ಮುಮ್ಮುಖವಾಗಿಯೇ ಹೊರತರಬೇಕೆಂಬ ಬಯಕೆಯಿಂದ ಬ್ರಿಟನ್ನಿನ ಹವ್ಯಾಸಿಗಳು ಸ್ವಹಸ್ತದಿಂದ ನಿರ್ಮಿಸಿಕೊಳ್ಳುವ ಟರ್ನ್‌ಟೇಬಲ್ಲುಗಳಲ್ಲಿ, ಪೀಠದ ನಡು ಅಚ್ಚಿಗೇ ಬಲಿಷ್ಠವಾದ ಗೇರ್‌ಮೋಟರನ್ನು ಜೋಡಿಸುವ ಕ್ರಮಕ್ಕೆ ಸಂದಿರುವ ಪ್ರತಿಷ್ಠೆಯು ಅದರ ಯೋಗ್ಯತೆಯನ್ನು ಬಹುದೂರ ಮೀರಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ. ಪ್ಲೈವುಡ್ಡಿನ ದುಂಡು ಹಲಗೆ, ನಡುವೆ ಬೇರಿಂಗು, ಅಂಚಿನ ಕೆಳಗೆ ಕ್ಯಾಸ್ಟರ್ ಚಕ್ರಗಳು: ಇಷ್ಟನ್ನು ಬಲ್ಲವರಿಗೆ ವಿವರಿಸಬೇಕಾದುದಿಲ್ಲ. ವಿಚಾರಿಸತಕ್ಕದ್ದು ಅದನ್ನು ತಿರುಗಿಸುವ ಶಕ್ತಿಯ ವಿಷಯವನ್ನು.

ಆ ಶಕ್ತಿ ಎಷ್ಟು? ವಾಹನವೂ ಪೀಠವೂ ಸೇರಿ 250 ಕಿಲೋಗ್ರಾಂ ಎಂದು ಹಿಡಿದು, ಉರುಳುವ ಚಕ್ರಗಳ ಪ್ರತಿರೋಧವನ್ನು ತೂಕದ ನೂರಕ್ಕೆ 2ರಷ್ಟೆಂದು ಭಾವಿಸಿದರೆ, ಅಂಚಿನಲ್ಲಿ ಬೇಕಾಗುವುದು 5 ಕಿಲೋಗ್ರಾಂ ತೂಕದಷ್ಟು ಬಲ ಮಾತ್ರ. ಅರ್ಧ ಸುತ್ತನ್ನು 15 ಸೆಕೆಂಡುಗಳಲ್ಲಿ ಮುಗಿಸುವುದಾದರೆ, 2 ಮೀಟರ್ ವ್ಯಾಸದ ಪೀಠಕ್ಕೆ ಸಲ್ಲುವ ಸಾಮರ್ಥ್ಯ ಸುಮಾರು 10 ವ್ಯಾಟ್. ಈ ಅಲ್ಪ ಕಾರ್ಯಕ್ಕೆ ನೂರಾರು ವ್ಯಾಟುಗಳ ಯಂತ್ರವನ್ನು ತಂದು ನಿಲ್ಲಿಸಿ, ಅದರ ಗಾತ್ರವನ್ನೇ ನಿರ್ಮಾಣದ ಹಿರಿಮೆಯೆಂದು ಕೊಂಡಾಡುವವರು ಲೆಕ್ಕದ ಮೊದಲ ಸಾಲನ್ನೇ ಬರೆದಿಲ್ಲವೆಂದು ಹೇಳಬೇಕಾಗಿದೆ.

ನಾನು ಮೆಚ್ಚುವ, ಆದರೆ ಯಾರೂ ಗೌರವದಿಂದ ಕಾಣದ ವಿಧಾನವೆಂದರೆ, ಹಳೆಯ ಕಾರಿನ ವೈಪರ್ ಮೋಟರಿಗೆ ಸಣ್ಣದೊಂದು ರಬ್ಬರ್ ಚಕ್ರವನ್ನು ತೊಡಿಸಿ, ಅದನ್ನು ಪೀಠದ ಅಂಚಿಗೆ ಒತ್ತಿಹಿಡಿಯುವುದು. ಚಕ್ರದ ವ್ಯಾಸ 10 ಸೆಂಟಿಮೀಟರ್ ಆದರೆ ಪೀಠಕ್ಕೂ ಅದಕ್ಕೂ ಇರುವ ಅನುಪಾತ ಇಪ್ಪತ್ತಕ್ಕೆ ಒಂದು. ಮೋಟರು ನಿಮಿಷಕ್ಕೆ ನಲವತ್ತು ಸುತ್ತು ಸುತ್ತಿದರೆ ಪೀಠವು ಎರಡು ಸುತ್ತು ಸುತ್ತುವುದು, ಮತ್ತು ನಮಗೆ ಬೇಕಾದುದೂ ಅಷ್ಟೇ. ನಡು ಅಚ್ಚಿನ ಮೋಟರು ಸರಣಿ ಸರಣಿ ಗೇರುಗಳಿಂದ, ಬಹಳ ಹಣದಿಂದ, ಗಳಿಸುವ ನಿಧಾನಗತಿಯನ್ನು ಇಲ್ಲಿ ಪೀಠದ ವೈಶಾಲ್ಯವೇ ಉಚಿತವಾಗಿ ದೊರಕಿಸಿಕೊಡುತ್ತದೆ.

ಆದರೆ ಈ ವಿಧಾನದ ಪ್ರಾಣವಿರುವುದು ಒತ್ತುವ ಬಗೆಯಲ್ಲಿ. ಕೈಗರಗಸದಿಂದ ಕೊಯ್ದ ಹಲಗೆ ಎಂದಿಗೂ ಪರಿಪೂರ್ಣ ವೃತ್ತವಾಗದು. ಅಂಚು ಒಂದೆಡೆ ಐದು ಮಿಲಿಮೀಟರ್ ಉಬ್ಬಿದ್ದು ಇನ್ನೊಂದೆಡೆ ತಗ್ಗಿದ್ದರೆ, ಬಿಗಿಯಾಗಿ ಕೂರಿಸಿದ ಮೋಟರು ಉಬ್ಬಿನಲ್ಲಿ ಸಿಕ್ಕಿಕೊಂಡು ತಗ್ಗಿನಲ್ಲಿ ವ್ಯರ್ಥವಾಗಿ ತಿರುಗುವುದು. ಆದುದರಿಂದ ಮೋಟರನ್ನು ಕೀಲುಳ್ಳ ತೋಳಿನ ಮೇಲೆ ಇಟ್ಟು, ಸ್ಪ್ರಿಂಗಿನಿಂದ ಸುಮಾರು 10 ಕಿಲೋಗ್ರಾಂ ಬಲದಲ್ಲಿ ಒತ್ತಿಸತಕ್ಕದ್ದು. ರಬ್ಬರಿನ ಹಿಡಿತವನ್ನು ಒತ್ತಡದ ಹತ್ತರಲ್ಲಿ ಆರು ಪಾಲೆಂದೆಣಿಸಿದರೆ ಪೀಠಕ್ಕೆ ದೊರೆಯುವುದು 6 ಕಿಲೋಗ್ರಾಂ. ಬೇಕಾದುದಕ್ಕಿಂತ ಒಂದೇ ಹೆಚ್ಚು. ಈ ಅಲ್ಪ ಉಳಿತಾಯವನ್ನೇ ವಿರೋಧಿಗಳು ದೋಷವೆಂದು ಎತ್ತಿ ತೋರಿಸುವರು; ನನಗಾದರೋ ಅದೇ ಗುಣವಾಗಿ ಕಾಣುತ್ತದೆ. ಶೆಡ್ಡಿನ ಗೋಡೆಗೂ ತಿರುಗುವ ಹ್ಯಾಂಡಲಿಗೂ ನಡುವೆ ಒಂದು ಕಾಲು ಸಿಕ್ಕಿಕೊಂಡಿತೆಂದು ಭಾವಿಸೋಣ. ಅಂಚಿನ ಚಕ್ರವು ಜಾರುವುದು, ಪೀಠ ನಿಲ್ಲುವುದು. ನಡು ಅಚ್ಚಿನ ಬಲಿಷ್ಠ ಯಂತ್ರವಾದರೋ ತನ್ನ ಸಮಸ್ತ ಬಲವನ್ನೂ ಆ ಮೂಳೆಯ ಮೇಲೆ ಸುರಿಯುವುದು. ಇನ್ನು ಕರೆಂಟು ಹೋದಾಗ, ಹಿಂದಕ್ಕೆ ತಿರುಗಲೊಲ್ಲದ ವರ್ಮ್ ಗೇರಿನ ಪೀಠವು ವಾಹನವನ್ನು ಅಡ್ಡಡ್ಡಲಾಗಿ ಸೆರೆಹಿಡಿದು ನಿಂತರೆ, ತೋಳನ್ನು ಹಿಂದೆ ಸರಿಸಿದ ಮಾತ್ರಕ್ಕೆ ಈ ಪೀಠವು ಕೈಗೆ ವಶವಾಗುವುದು. ಮಳೆಯಲ್ಲಿ ನೆನೆದ ಟೈರುಗಳಿಂದ ಅಂಚಿಗೆ ನೀರಿಳಿದರೆ ಹಿಡಿತ ಕುಂದುವುದು ನಿಜ; ಅದಕ್ಕೆ ಅಂಚಿನ ಸುತ್ತ ಒರಟು ಪಟ್ಟಿಯನ್ನು ಅಂಟಿಸಿದರಾಯಿತು.

ಇನ್ನೊಂದು ಪಂಗಡದವರು ಮೋಟರೇ ಬೇಡವೆನ್ನುವರು. ಸ್ಯಾನ್ ಫ್ರಾನ್ಸಿಸ್ಕೋದ ಪೊವೆಲ್ ಬೀದಿಯ ಕೊನೆಯಲ್ಲಿ ಕೇಬಲ್ ಕಾರುಗಳನ್ನು ಇಂದಿಗೂ ಸಿಬ್ಬಂದಿಯೇ ತಳ್ಳಿ ತಿರುಗಿಸುವುದನ್ನೂ, ಉಗಿಬಂಡಿಗಳ ಕಾಲದಲ್ಲಿ ಸಮತೋಲವಾಗಿ ನಿಲ್ಲಿಸಿದ ಎಂಜಿನ್ನುಗಳನ್ನು ಮನುಷ್ಯರೇ ತಳ್ಳಿ ತಿರುಗಿಸುತ್ತಿದ್ದುದನ್ನೂ ಅವರು ಸಾಕ್ಷ್ಯವಾಗಿ ತರುವರು. ಸಾಕ್ಷ್ಯ ಸತ್ಯ, ತೀರ್ಮಾನ ಅಸತ್ಯ. ರೈಲ್ವೆಯ ತಿರುಗುಪೀಠದ ತುದಿಗೆ ಬೆನ್ನು ಕೊಟ್ಟವನಿಗೆ ಸುತ್ತಲೂ ನಡೆಯಲು ಬಯಲಿತ್ತು. ಬ್ರಿಟನ್ನಿನಲ್ಲಿಯೇ ಮುಂದೆ ಎಂಜಿನ್ನಿನ ವ್ಯಾಕ್ಯೂಮ್ ಬ್ರೇಕಿನ ಹೀರುಬಲದಿಂದ ಪೀಠವನ್ನು ನಡೆಸುವ ಮೋಟರುಗಳು ಬಂದುವೆಂಬುದನ್ನು ಅವರು ಸ್ಮರಿಸುವುದಿಲ್ಲ. ಹಿತ್ತಲಿನಲ್ಲಾದರೋ, ಎಂಟು ಅಡಿ ಅಗಲದ, ಎಂದರೆ 2.4 ಮೀಟರಿನ, ಶೆಡ್ಡಿನಲ್ಲಿ 2.1 ಮೀಟರ್ ಉದ್ದದ ವಾಹನವು ಅಡ್ಡವಾದ ಗಳಿಗೆಯಲ್ಲಿ ಎರಡು ಬದಿಗೂ ಉಳಿಯುವುದು ತಲಾ 15 ಸೆಂಟಿಮೀಟರ್. ಅಲ್ಲಿ ತಳ್ಳುವವನು ಎಲ್ಲಿ ನಿಲ್ಲಬೇಕು? ಪೀಠದ ಮೇಲೆಯೇ ನಿಂತು ವಾಹನವನ್ನು ತಳ್ಳಿದರೆ ಪೀಠ ಕದಲದು. ಬಾಗಿಲಲ್ಲಿ ನಿಂತು ಕಾಲಿನಿಂದ ಅಂಚನ್ನು ಉಜ್ಜಿ ತಿರುಗಿಸಬಹುದು, ಒಪ್ಪಿದೆ. ಆದರೆ ಆಗ ಅವನ ಕಣ್ಣು ಒಳಗೋಡೆಯತ್ತ ಸರಿಯುತ್ತಿರುವ ಕನ್ನಡಿಯ ಮೇಲಿರದೆ ತನ್ನ ಪಾದದ ಮೇಲಿರುವುದು. ಮೋಟರಿನ ಸಮರ್ಥನೆ ಇರುವುದು ಬಲದ ಅಭಾವದಲ್ಲಲ್ಲ, ಸ್ಥಳದ ಅಭಾವದಲ್ಲಿ. ಈ ಭೇದವನ್ನು ಎರಡು ಪಂಗಡಗಳೂ ಕಾಣದೆ ಹೋದುದರಿಂದಲೇ ಒಬ್ಬರು ಬಲವನ್ನು ಹೆಚ್ಚಿಸುತ್ತಲೂ ಇನ್ನೊಬ್ಬರು ನಿರಾಕರಿಸುತ್ತಲೂ ಇರುವರು.

ವಿದ್ಯುತ್ತಿನ ಮೂಲದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಮನೆಯಿಂದ ಶೆಡ್ಡಿನವರೆಗೆ ಹಿತ್ತಲನ್ನು ಅಗೆದು ಕವಚವುಳ್ಳ ಕೇಬಲ್ಲನ್ನು ಹೂಳುವ ಶ್ರಮ ಈ ಕಾರ್ಯಕ್ಕಾಗಿ ಸಲ್ಲದು. 5 ಆಂಪಿಯರ್ ಎಳೆಯುವ ಮೋಟರು 15 ಸೆಕೆಂಡು ಓಡಿದರೆ ವ್ಯಯವಾಗುವುದು ಒಂದು ಆಂಪಿಯರ್-ಗಂಟೆಯ ಸುಮಾರು ಐವತ್ತರಲ್ಲಿ ಒಂದು ಪಾಲಷ್ಟೇ. 12 ವೋಲ್ಟಿನ ಸಾಧಾರಣ ಬ್ಯಾಟರಿಯೂ ಮಾಡಿನ ಮೇಲೆ ಒಂದು ಪುಟ್ಟ ಸೌರಫಲಕವೂ ಸಾಕು. ಸ್ವಿಚ್ಚು ಮಾತ್ರ ಒತ್ತಿ ಹಿಡಿದಿರುವಷ್ಟು ಕಾಲ ನಡೆಯುವಂಥದ್ದಾಗಿರಬೇಕು. ಮತ್ತು ವಾಹನವನ್ನು ಇಳಿಸುವಾಗ ಪೀಠವು ಕದಲದಂತೆ ನೆಲಕ್ಕೆ ಇಳಿಯುವ ಕಬ್ಬಿಣದ ಚಿಲಕವೊಂದು, ಮೋಟರು ಯಾವುದಾದರೂ ಆಗಲಿ, ಇದ್ದೇ ಇರಬೇಕು.