ಬೆಳಕು ಬೇಡವೆಂದಲ್ಲ, ಮೊದಲು ಗಾಳಿ ಬರಲಿ

2020ರಲ್ಲಿ ಕೋರ್ಸೇರ್ ಕಂಪನಿ ಒಂದೇ ಚೌಕಟ್ಟಿಗೆ ಮೂರು ಮುಖ ಕೂರಿಸಿ ಮೂರು ಮಿಡ್-ಟವರ್ ಕ್ಯಾಬಿನೆಟ್ಟುಗಳನ್ನು ಮಾರುಕಟ್ಟೆಗೆ ಬಿಟ್ಟಿತು. 4000ಡಿಗೆ ಮುಚ್ಚಿದ ಉಕ್ಕಿನ ಮುಖ. 4000ಡಿ ಏರ್‌ಫ್ಲೋಗೆ ತೂತು ಕೊರೆದ ಉಕ್ಕಿನ ಮುಖ. 4000ಎಕ್ಸ್‌ಗೆ ಗಾಜಿನ ಮುಖ, ಅದರ ಹಿಂದೆ ಬಣ್ಣ ಬದಲಿಸುವ ಮೂರು ಆರ್‌ಜಿಬಿ ಫ್ಯಾನು. ಒಳಗೆಲ್ಲ ಒಂದೇ ಅಳತೆ, ತಂತಿ ಹಾಯುವ ಒಂದೇ ದಾರಿ. ವಿಮರ್ಶೆ ಮಾಡುವವನಿಗೆ ಇಂಥ ಅವಕಾಶ ಅಪರೂಪಕ್ಕೆ ಸಿಗುತ್ತದೆ. ಮೈ ಒಂದೇ ಆದ್ದರಿಂದ ಮುಖಕ್ಕಾಗಿ ಏನು ಕೊಟ್ಟೆವು, ಏನು ಕಳೆದುಕೊಂಡೆವು ಅಂತ ನೇರವಾಗಿ ಲೆಕ್ಕ ಹಾಕಬಹುದು.

ಬೆಂಗಳೂರಿನ ಪದ್ಮನಾಭನಗರದಲ್ಲಿ ಕೂತು ಈ ಲೆಕ್ಕ ಹಾಕುವುದಕ್ಕೆ ಕಾರಣವಿದೆ. ಪಕ್ಕದ ಕುಮಾರಸ್ವಾಮಿ ಬಡಾವಣೆಯಲ್ಲಿ ದಯಾನಂದ ಸಾಗರ್ ಕಾಲೇಜು, ರಿಂಗ್ ರೋಡಿನಲ್ಲಿ ಮುಂದಕ್ಕೆ ಹೋದರೆ ಪಿ.ಇ.ಎಸ್. ಮಗನೋ ಮಗಳೋ ಎಂಜಿನಿಯರಿಂಗ್ ಸೇರಿದ ವರ್ಷ ಮನೆಗೊಂದು ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಬರುವುದು ಇಲ್ಲಿ ವಾಡಿಕೆ. ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಯಾವುದು ಅಂತ ವಾರಗಟ್ಟಲೆ ಚರ್ಚೆಯಾಗುತ್ತದೆ. ಕ್ಯಾಬಿನೆಟ್ಟಿನ ಸರದಿ ಬಂದಾಗ ಮಾತ್ರ ಎಸ್.ಪಿ. ರೋಡಿನ ಅಂಗಡಿಯಲ್ಲಿ ನಿಂತ ನಿಲುವಿನಲ್ಲೇ ತೀರ್ಮಾನ. ಸಾಲಾಗಿ ಜೋಡಿಸಿಟ್ಟು ದೀಪ ಹಾಕಿರುತ್ತಾರೆ. ಯಾವುದು ಹೆಚ್ಚು ಮಿನುಗುತ್ತದೋ ಅದನ್ನೇ ಆಟೊಗೆ ಹಾಕಿಸಿಕೊಂಡು ಬರುತ್ತೇವೆ. ಒಳಗಿನ ಸಾಮಾನು ನಾಲ್ಕೈದು ವರ್ಷಕ್ಕೆ ಹಳತಾಗುತ್ತದೆ, ಡಬ್ಬಿ ಹತ್ತು ವರ್ಷವಾದರೂ ಮೇಜಿನ ಪಕ್ಕದಲ್ಲಿರುತ್ತದೆ. ಹೆಚ್ಚು ದಿನ ಬಾಳುವ ವಸ್ತುವಿನ ಬಗ್ಗೆಯೇ ಕಡಿಮೆ ಯೋಚನೆ.

ಮೊದಲು ಮೈಕಟ್ಟಿನ ಮಾತು. 4000 ಸರಣಿಯ ಎತ್ತರ 466 ಮಿಲಿಮೀಟರ್, ಉದ್ದ 453, ಅಗಲ 230. ಇಂಟೆಲ್ 1995ರಲ್ಲಿ ತಂದ ಎಟಿಎಕ್ಸ್ ಅಳತೆಯ ಮದರ್‌ಬೋರ್ಡ್, ಅಂದರೆ 305ಕ್ಕೆ 244 ಮಿಲಿಮೀಟರಿನದು, ಇದರಲ್ಲಿ ನಿರಾಳವಾಗಿ ಕೂರುತ್ತದೆ. 360 ಮಿಲಿಮೀಟರ್ ಉದ್ದದ ಗ್ರಾಫಿಕ್ಸ್ ಕಾರ್ಡಿಗೂ, 170 ಮಿಲಿಮೀಟರ್ ಎತ್ತರದ ಕೂಲರಿಗೂ ಜಾಗವಿದೆ. ಮದರ್‌ಬೋರ್ಡಿನ ಬೆನ್ನ ಹಿಂದೆ ತಂತಿಗಳಿಗೆಂದು ಎರಡೂವರೆ ಸೆಂಟಿಮೀಟರ್ ಸಂದು ಬಿಟ್ಟಿದ್ದಾರೆ. ಅಗ್ಗದ ಕ್ಯಾಬಿನೆಟ್ಟಿನ ಹಿಂಬದಿ ಬಾಗಿಲನ್ನು ಮಂಡಿಯಿಂದ ಒತ್ತಿ ಹಿಡಿದು ಸ್ಕ್ರೂ ತಿರುಗಿಸಿದವರಿಗೆ ಈ ಎರಡೂವರೆ ಸೆಂಟಿಮೀಟರಿನ ಬೆಲೆ ಗೊತ್ತು. ಇಷ್ಟರ ಮಟ್ಟಿಗೆ ಮೂರಕ್ಕೂ ಪೂರ್ಣ ಅಂಕ.

ಜಗಳ ಇರುವುದು ಮುಖದ ಜೊತೆಗೆ. ಕ್ಯಾಬಿನೆಟ್ ಯಾವುದನ್ನೂ ತಣ್ಣಗೆ ಮಾಡುವುದಿಲ್ಲ. ಒಳಗಿನ ಬಿಸಿ ಗಾಳಿಯನ್ನು ಹೊರಗೆ ದಾಟಿಸುತ್ತದೆ, ಅಷ್ಟೇ ಅದರ ಕೆಲಸ. ಆಟ ಆಡುವಾಗ ಮಧ್ಯಮ ದರ್ಜೆಯ ಕಂಪ್ಯೂಟರ್ 300 ವ್ಯಾಟ್ ವಿದ್ಯುತ್ ಎಳೆದರೆ ಅಷ್ಟೂ ಶಾಖವಾಗಿ ಕೋಣೆಗೆ ಬರುತ್ತದೆ. ಡಬ್ಬಿಯೊಳಗಿನ ಗಾಳಿ ಕೋಣೆಯ ಗಾಳಿಗಿಂತ 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗದಂತೆ ನೋಡಿಕೊಳ್ಳಬೇಕಾದರೆ ಸೆಕೆಂಡಿಗೆ ಸುಮಾರು 28 ಲೀಟರ್ ಗಾಳಿ ಹಾಯಬೇಕು. ಕರಾವಳಿಯಲ್ಲಾದರೆ ಇನ್ನೂ ಸ್ವಲ್ಪ ಕಡಿಮೆ ಸಾಕಿತ್ತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿನ ಗಾಳಿ ಹತ್ತರಲ್ಲಿ ಒಂದು ಪಾಲು ತೆಳು; ಅದೇ ಶಾಖ ಹೊರಲು ಹೆಚ್ಚು ಗಾಳಿ ಬೇಕು. ಜೊತೆಗೆ ನಮ್ಮ ಊರಿನ ತಂಪು ಈಗ ಹಳೆಯ ಖ್ಯಾತಿ ಮಾತ್ರ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿತ್ತು, 2024ರ ಏಪ್ರಿಲ್‌ನಲ್ಲಿ 38.5. ಮೂವತ್ತು-ನಲವತ್ತರ ಸೈಟಿನಲ್ಲಿ ಮೇಲಿನ ಮಹಡಿ, ಪಡುವಣ ಗೋಡೆಯ ಕೋಣೆ, ಸಂಜೆ ನಾಲ್ಕು ಗಂಟೆ: ಒಳಗೆ ಹೋಗುವ ಗಾಳಿಯೇ ಬಿಸಿ. ಅಂಥ ಹೊತ್ತಿನಲ್ಲಿ ಫ್ಯಾನಿನ ಮೂಗಿಗೆ ಗಾಜು ಅಡ್ಡ ನಿಲ್ಲಿಸುವುದು ಯಾವ ಲೆಕ್ಕದಲ್ಲಿ ಜಾಣತನ?

4000ಎಕ್ಸ್‌ನ ಮುಂದಿನ ಗಾಜು ಚೌಕಟ್ಟಿಗೆ ಪೂರ್ತಿ ಅಂಟಿಕೊಂಡಿಲ್ಲ, ಅಂಚಿನಲ್ಲಿ ಸಂದು ಇದೆ. ಮೂರು ಫ್ಯಾನುಗಳೂ ಆ ಸಂದಿನಿಂದ ಗಾಳಿಯನ್ನು ಅಡ್ಡಡ್ಡ ಎಳೆದುಕೊಂಡು, ತಿರುಗಿಸಿ ಒಳಗೆ ಕಳಿಸಬೇಕು. ಏರ್‌ಫ್ಲೋ ಮಾದರಿಯಲ್ಲಿ ಬರುವುದು ಎರಡೇ ಫ್ಯಾನು, ಎರಡಕ್ಕೂ ದೀಪವಿಲ್ಲ, ಆದರೆ ಮುಖದ ತುಂಬ ತೂತು. ಅದೇ ಮೈ, ಕಡಿಮೆ ಫ್ಯಾನು, ಕಡಿಮೆ ದುಡ್ಡು, ಹೆಚ್ಚು ಸಲೀಸಾದ ಗಾಳಿ. ಗಾಜಿನ ಮುಖದ್ದು ಕೆಟ್ಟ ವಸ್ತು ಅಂತ ನಾನು ಹೇಳುತ್ತಿಲ್ಲ. ಏರ್ ಕಂಡೀಷನರ್ ಇರುವ ಕೋಣೆಯಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ. ಆದರೆ ನಮ್ಮಲ್ಲಿ ಎಷ್ಟು ಮನೆಗಳ ಓದುವ ಕೋಣೆಗೆ ಏರ್ ಕಂಡೀಷನರ್ ಇದೆ?

ತಯಾರಕರಿಗೂ ಇದು ತಿಳಿಯದ ಸಂಗತಿಯಲ್ಲ. ಎನ್‌ಝಡ್‌ಎಕ್ಸ್‌ಟಿ ಕಂಪನಿಯ ಎಚ್510 ಕ್ಯಾಬಿನೆಟ್ 2019ರಲ್ಲಿ ಬಂದಾಗ ಅದರ ಮುಖ ಅಡುಗೆಮನೆಯ ಕಪಾಟಿನ ಬಾಗಿಲಿನಂತೆ ಪೂರ್ತಿ ಮುಚ್ಚಿತ್ತು. ನೋಡುವುದಕ್ಕೆ ಸೊಗಸು, ಗಾಳಿಗೆ ಕಷ್ಟ ಅಂತ ಎಲ್ಲ ಕಡೆ ಟೀಕೆ ಬಂತು. 2021ರಲ್ಲಿ ಅದೇ ಕ್ಯಾಬಿನೆಟ್ಟಿಗೆ ತೂತಿನ ಮುಖ ಹಾಕಿ ಎಚ್510 ಫ್ಲೋ ಅಂತ ಬಿಟ್ಟರು. ಕೂಲರ್ ಮಾಸ್ಟರ್ ಕಂಪನಿಯ ಟಿಡಿ500 ಕೂಡ ಮೊದಲು ಮುಚ್ಚಿದ ಪಾರದರ್ಶಕ ಮುಖ ಹೊತ್ತು ಬಂದದ್ದು. ಆಮೇಲೆ ಟಿಡಿ500 ಮೆಶ್ ಆಯಿತು. ಇದರ ವಿಶೇಷವೆಂದರೆ ಬಣ್ಣದ ಮೂರು ಫ್ಯಾನುಗಳನ್ನೂ ಹೊತ್ತು ಬಂದದ್ದು. ಜಾಲರಿಯ ಹಿಂದಿನಿಂದ ಬೆಳಕು ಸೋಸಿಕೊಂಡು ಬರುತ್ತದೆ, ಗಾಜಿನ ಹಿಂದಿನಿಂದ ಬರುವಷ್ಟು ಢಾಳಾಗಿ ಅಲ್ಲ. ನನ್ನ ಕಣ್ಣಿಗೆ ಇದೇ ಚೆಂದ. ಬೆಳಕಿಗೂ ಗಾಳಿಗೂ ವೈರ ಇಲ್ಲವೆಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಹಾಗಾದರೆ ಬೆಳಕಿನ ಬಗ್ಗೆಯೇ ಏನು ಹೇಳಬೇಕು? ಮನೆಯ ಹಿರಿಯರು ಮೊದಲು ಕೇಳುವುದು ಕರೆಂಟಿನ ಬಗ್ಗೆ. 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲಂತೂ 200 ಯೂನಿಟ್ಟಿನ ಗೆರೆ ದಾಟೀತೆಂಬ ಭಯ. ಇದರಲ್ಲಿ ಹುರುಳಿಲ್ಲ. ಫ್ಯಾನಿಗೆ ಎಂಟರಂತೆ ಮೂರು ಫ್ಯಾನಿಗೆ 24 ಎಲ್ಇಡಿ. ಎಲ್ಲವನ್ನೂ ಪೂರ್ತಿ ಬಿಳಿಯಾಗಿ ಉರಿಸಿದರೂ ಹೆಚ್ಚೆಂದರೆ ಏಳು ವ್ಯಾಟ್. ದಿನಕ್ಕೆ ಎಂಟು ಗಂಟೆ ಉರಿದರೆ ತಿಂಗಳಿಗೆ ಎರಡು ಯೂನಿಟ್ಟೂ ಆಗುವುದಿಲ್ಲ. ಬಿಲ್ಲು ಏರಿದ್ದರೆ ಗೀಸರನ್ನು ವಿಚಾರಿಸಿ.

ನನ್ನ ತಕರಾರು ಬೇರೆ. ಶುಜಿ ನಕಮುರಾ 1993ರಲ್ಲಿ ಪ್ರಖರವಾದ ನೀಲಿ ಎಲ್ಇಡಿ ಮಾಡಿ ತೋರಿಸಿದ ಮೇಲೆ ಕೆಂಪು, ಹಸಿರು, ನೀಲಿ ಮೂರೂ ಕೈಗೆ ಬಂದವು. ಆ ನೀಲಿಗಾಗಿ 2014ರಲ್ಲಿ ನಕಮುರಾ, ಇಸಾಮು ಅಕಸಾಕಿ, ಹಿರೋಶಿ ಅಮಾನೊ ಮೂವರಿಗೂ ಭೌತಶಾಸ್ತ್ರದ ನೊಬೆಲ್ ಬಂತು. ಇವತ್ತು ಫ್ಯಾನಿನೊಳಗಿನ ಒಂದೊಂದು ಕಾಳಿನಷ್ಟು ದೀಪಕ್ಕೂ ಒಂದು ಕೋಟಿ ಅರವತ್ತೇಳು ಲಕ್ಷಕ್ಕೂ ಹೆಚ್ಚು ಬಣ್ಣ ಹೇಳಬಹುದು. ಇಷ್ಟೆಲ್ಲ ಆದಮೇಲೆ ನಾವು ನೋಡುವುದೇನು? ಕಾರ್ಖಾನೆಯಿಂದ ಬಂದ ಕಾಮನಬಿಲ್ಲು, ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುವುದು, ಕೊನೆಯವರೆಗೂ ಅದೇ. ಬಣ್ಣ ಆರಿಸುವ ಸ್ವಾತಂತ್ರ್ಯಕ್ಕೆ ದುಡ್ಡು ಕೊಟ್ಟು ಯಾರೋ ಆರಿಸಿಟ್ಟದ್ದನ್ನು ನೋಡುತ್ತ ಕೂರುವುದು. ಒಂದೇ ಬಣ್ಣಕ್ಕೆ ನಿಲ್ಲಿಸಿ, ಬೆಳಕನ್ನು ಕಾಲು ಭಾಗಕ್ಕೆ ಇಳಿಸಿ ನೋಡಿದರೆ ಅದೇ ಫ್ಯಾನು ಎಷ್ಟು ಘನತೆಯಿಂದ ಕಾಣುತ್ತದೆಂದರೆ, ಇದನ್ನು ಯಾಕೆ ಯಾರೂ ಮಾಡುವುದಿಲ್ಲ ಅನ್ನಿಸುತ್ತದೆ.

ಮಾಡದಿರುವುದಕ್ಕೆ ಕಾರಣ ತಂತ್ರಾಂಶ. 4000ಎಕ್ಸ್‌ನ ದೀಪಗಳು ಕಂಪನಿಯದೇ ನಿಯಂತ್ರಕಕ್ಕೆ ಜೋಡಣೆಯಾಗಿ, ಐಕ್ಯೂ ಎಂಬ ಅವರದೇ ತಂತ್ರಾಂಶದ ಮಾತು ಕೇಳುತ್ತವೆ. ಮದರ್‌ಬೋರ್ಡ್ ಏಸಸ್ ಆದರೆ ಅದಕ್ಕೆ ಆರಾ ಸಿಂಕ್, ಎಂಎಸ್‌ಐ ಆದರೆ ಮಿಸ್ಟಿಕ್ ಲೈಟ್. ದೀಪ ಹಚ್ಚಲು ಎರಡೆರಡು ತಂತ್ರಾಂಶ ಸಾಕುವುದು ನನಗಂತೂ ಅತಿಯಾಗಿ ಕಾಣುತ್ತದೆ. ಕೊಂಡುಕೊಳ್ಳುವಾಗ 5 ವೋಲ್ಟಿನ ಮೂರು ಪಿನ್ನಿನ ಸಾಮಾನ್ಯ ಎಆರ್‌ಜಿಬಿ ಜೋಡಣೆ ಇರುವುದನ್ನೇ ಆರಿಸಿದರೆ ಈ ರಗಳೆ ಅರ್ಧ ಕಡಿಮೆ. ಹಳೆಯ 12 ವೋಲ್ಟಿನ ನಾಲ್ಕು ಪಿನ್ನಿನದು ಬೇರೆ ಜಾತಿ. ಅದರ ತಾಣಕ್ಕೆ 5 ವೋಲ್ಟಿನದನ್ನು ಬಲವಂತವಾಗಿ ಚುಚ್ಚಿದರೆ ದೀಪಗಳು ಸುಟ್ಟುಹೋಗುತ್ತವೆ.

ಎರಡು ಬೆಡ್‌ರೂಮಿನ ಮನೆಯಲ್ಲಿ ಕಂಪ್ಯೂಟರ್ ಇರುವ ಕೋಣೆಯಲ್ಲೇ ಯಾರೋ ಮಲಗಿರುತ್ತಾರೆ ಎಂಬುದನ್ನೂ ಮರೆಯಬಾರದು. ರಾತ್ರಿ ಡೌನ್‌ಲೋಡ್ ಹಾಕಿ ಮಲಗಿದರೆ ಗೋಡೆಯ ಮೇಲೆಲ್ಲ ಗಣೇಶೋತ್ಸವ. ಹಾಗಾಗಿ ದೀಪ ಆರಿಸುವ ಗುಂಡಿ ಕೈಗೆಟಕುವಂತೆ ಇರಬೇಕು. ಇದರಲ್ಲಿ ಅಗ್ಗದ ಕ್ಯಾಬಿನೆಟ್ಟುಗಳೇ ಮುಂದೆ: ಮೇಲಿನ ರೀಸೆಟ್ ಗುಂಡಿಯನ್ನೇ ದೀಪದ ಗುಂಡಿ ಮಾಡಿರುತ್ತಾರೆ, ಒತ್ತಿದರೆ ಬಣ್ಣ ಬದಲು, ಒತ್ತಿ ಹಿಡಿದರೆ ಕತ್ತಲೆ. ಬಡವರ ಜಾಣತನ ಅಂದರೆ ಇದು.

ಆದರೆ ಅಗ್ಗದವುಗಳ ಹೊಗಳಿಕೆ ಇಲ್ಲಿಗೆ ಮುಗಿಯಿತು. ಮೂರು-ನಾಲ್ಕು ಸಾವಿರದ ಒಂದು ಕ್ಯಾಬಿನೆಟ್ಟಿನ ಬೆನ್ನನ್ನು ಹತ್ತಿರದಿಂದ ನೋಡಿ. ಕಾರ್ಡು ಕೂರುವ ಏಳು ಸೀಳುಗಳಿಗೆ ಮುಚ್ಚಳದಂತೆ ತಗಡಿನ ಪಟ್ಟಿಗಳಿವೆ. ಅವು ಸ್ಕ್ರೂನಿಂದ ನಿಂತವಲ್ಲ, ಅದೇ ತಗಡಿನಲ್ಲಿ ಅರೆಬರೆ ಕತ್ತರಿಸಿ ಬಿಟ್ಟವು. ಕಾರ್ಡು ಹಾಕಬೇಕಾದರೆ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಮುರಿಯಬೇಕು, ಅಂಚು ಬೆರಳು ಕೊಯ್ಯುತ್ತದೆ. ಮುಂದೆ ಕಾರ್ಡನ್ನು ಬೇರೆ ಸೀಳಿಗೆ ಬದಲಿಸಿದರೆ ಹಳೆಯ ಕಿಂಡಿ ಕಿಂಡಿಯಾಗಿಯೇ ಉಳಿಯುತ್ತದೆ, ಮುಚ್ಚುವುದಕ್ಕೆ ಏನೂ ಇಲ್ಲ. ಬೆರಳು ತೂರುವಷ್ಟು ಅಗಲ. ಪದ್ಮನಾಭನಗರದ ಯಾವ ಮನೆಯಲ್ಲಿ ಹಲ್ಲಿ ಇಲ್ಲ, ಜಿರಲೆ ಇಲ್ಲ? ಬೆಚ್ಚಗಿನ, ಕತ್ತಲೆಯ, ಯಾರೂ ಗುಡಿಸದ ಜಾಗ ಅವಕ್ಕೆ ಅರಮನೆ. ಪವರ್ ಸಪ್ಲೈ ಬಿಚ್ಚಿದಾಗ ಒಣಗಿದ ಹಲ್ಲಿ ಸಿಗುವುದು ಇಲ್ಲಿನ ರಿಪೇರಿಯವರಿಗೆ ಹೊಸತಲ್ಲ. 4000 ಸರಣಿಯಲ್ಲಿ ಪಟ್ಟಿಗಳಿಗೆ ಸ್ಕ್ರೂ ಇದೆ, ತೆಗೆದು ಮತ್ತೆ ಹಾಕಬಹುದು. ಜಾಹೀರಾತಿನಲ್ಲಿ ಯಾರೂ ಹೇಳದ ಈ ಗುಣಕ್ಕೆ ನಾನು ಬಣ್ಣದ ಫ್ಯಾನಿಗಿಂತ ಹೆಚ್ಚು ಬೆಲೆ ಕಟ್ಟುತ್ತೇನೆ.

ಧೂಳಿನದು ಇನ್ನೊಂದು ಪುರಾಣ. ದೇವೇಗೌಡ ಪೆಟ್ರೋಲ್ ಬಂಕಿನಿಂದ ಕದಿರೇನಹಳ್ಳಿಯವರೆಗೆ ರಿಂಗ್ ರೋಡಿನ ಆಚೀಚೆ ಇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೂತಿನ ಮುಖ ಗಾಳಿಯ ಜೊತೆ ಧೂಳನ್ನೂ ಹೆಚ್ಚು ಎಳೆಯುತ್ತದೆ, ಇದು ಗಾಜಿನವರ ವಾದ. ವಾದ ಪೂರ್ತಿ ಸುಳ್ಳಲ್ಲ. ಆದರೆ ಜಾಲರಿ ತೆಗೆದು ನಲ್ಲಿಯ ಕೆಳಗೆ ತೊಳೆಯುವುದು ಹತ್ತು ನಿಮಿಷದ ಕೆಲಸ. ಗಾಜಿನದರಲ್ಲಿ ಅದೇ ಧೂಳು ಅಂಚಿನ ಸಂದಿನಲ್ಲಿ ಗಟ್ಟಿಯಾಗಿ ಕೂತು, ಮೊದಲೇ ಕಿರಿದಾದ ದಾರಿಯನ್ನು ಇನ್ನಷ್ಟು ಕಿರಿದು ಮಾಡುತ್ತದೆ. ಒಳಬರುವ ಫ್ಯಾನುಗಳು ಹೊರಹೋಗುವವಕ್ಕಿಂತ ಹೆಚ್ಚಿದ್ದರೆ ಸಣ್ಣಪುಟ್ಟ ಸಂದುಗಳಿಂದ ಗಾಳಿ ಹೊರಗೆ ತಳ್ಳಿಸಿಕೊಳ್ಳುತ್ತದೆ, ಧೂಳು ನುಗ್ಗುವುದು ಕಡಿಮೆ. ಹಾಗೆಯೇ ಆಯುಧಪೂಜೆಯ ದಿನ ಕುಂಕುಮವನ್ನು ಮುಂದಿನ ಜಾಲರಿಗೆ ಹಚ್ಚಬೇಡಿ, ಮಗ್ಗುಲ ಗಾಜಿಗೆ ಹಚ್ಚಿ. ಸಾಂಬ್ರಾಣಿ ಹೊಗೆ ಹಿಡಿಯುವ ಮೊದಲು ಯಂತ್ರ ಆರಿಸಿ.

ಮಗ್ಗುಲ ಗಾಜಿನ ವಿಷಯದಲ್ಲಿ ಒಂದು ಎಚ್ಚರಿಕೆ. ಟೆಂಪರ್ಡ್ ಗಾಜಿನ ಮೇಲ್ಮೈ ಒತ್ತಿ ಹಿಡಿದಂತೆ, ಒಳಗು ಎಳೆದು ಹಿಡಿದಂತೆ ಇರುತ್ತದೆ. ಮಧ್ಯಕ್ಕೆ ಗುದ್ದಿದರೂ ತಾಳುವ ಗಾಜು ಅಂಚಿನಲ್ಲಿ ಸೆರಾಮಿಕ್ ತಾಗಿದರೆ ಒಂದೇ ಕ್ಷಣದಲ್ಲಿ ಸಾವಿರ ಚೂರು. ನಮ್ಮ ಮನೆಗಳ ನೆಲವೆಲ್ಲ ಈಗ ವಿಟ್ರಿಫೈಡ್ ಟೈಲ್ಸ್. ಬಿಚ್ಚಿದ ಗಾಜನ್ನು ನೆಲಕ್ಕೆ ಒರಗಿಸಬೇಡಿ, ಹಾಸಿಗೆಯ ಮೇಲೆ ಮಲಗಿಸಿ.

ನನ್ನ ತೀರ್ಪು ಹೀಗಿದೆ. ಮೂರು ಮುಖಗಳಲ್ಲಿ ಈ ಊರಿಗೆ ಹೇಳಿ ಮಾಡಿಸಿದ್ದು 4000ಡಿ ಏರ್‌ಫ್ಲೋ. ಬಣ್ಣ ಬೇಕೇ ಬೇಕೆಂದರೆ ಅದಕ್ಕೆ ಒಂದೆರಡು ಎಆರ್‌ಜಿಬಿ ಫ್ಯಾನು ಸೇರಿಸಿ, ಇಲ್ಲವೇ ಟಿಡಿ500 ಮೆಶ್ ಥರದ್ದು ಕೊಳ್ಳಿ. 4000ಎಕ್ಸ್ ಒಳ್ಳೆಯ ಮೈ ಮೇಲೆ ಕೂರಿಸಿದ ತಪ್ಪು ಮುಖ. ಅಂಗಡಿಯಲ್ಲಿ ದೀಪ ಆರಿಸಿ, ಫ್ಯಾನು ಓಡುವಾಗ ತೆಳ್ಳನೆಯ ಟಿಶ್ಯೂ ಕಾಗದವನ್ನು ಕ್ಯಾಬಿನೆಟ್ಟಿನ ಮುಖಕ್ಕೆ ಹಿಡಿಯಲು ಹೇಳಿ. ಕಾಗದ ಅಂಟಿಕೊಂಡರೆ ಮಾತ್ರ ಬೆಲೆ ಕೇಳಿ.