ಚುಕ್ಕಿ ಎಣಿಸಬೇಡಿ, ರೋಮ ನೋಡಿ

ಗುಲಗಂಜಿ ಹುಳು ಎಂದೊಡನೆ ಎಲ್ಲರೂ ಬೆನ್ನಿನ ಚುಕ್ಕಿ ಎಣಿಸಲು ಕೂರುತ್ತಾರೆ. ಸ್ಕಿಮ್ನಸ್ ಕುಲದ ಮುಂದೆ ಆ ವಿದ್ಯೆ ನಡೆಯದು. ಸಾಸಿವೆ ಕಾಳಿನಷ್ಟೇ ಇರುವ, ಎರಡು ಮಿಲಿಮೀಟರ್ ಆಸುಪಾಸಿನ ಈ ಮಂಕು ಬಣ್ಣದ ಜೀವಿಯೂ ಗುಲಗಂಜಿ ಹುಳುವೇ ಎಂದರೆ ನಂಬುವವರು ಕಡಿಮೆ. ದಾಸವಾಳದ ಚಿಗುರಿಗೆ ಹಿಟ್ಟು ತಿಗಣೆ ಹತ್ತಿದ್ದರೆ, ಕತ್ತರಿ ತರುವ ಮೊದಲು ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಲೂಪ್ ಹಿಡಿದು ಆ ಬಿಳಿ ಮುದ್ದೆಯೊಳಗೆ ಇಣುಕಿ. ಇವುಗಳ ಊಟದ ಮನೆ ಅದು.

ಮೊದಲು ನೋಡಬೇಕಾದದ್ದು ಸ್ಕಿಮ್ನಸ್ ಮೈಮೇಲಿನ ರೋಮ. ಬದನೆ ಎಲೆ ಮೇಯುವ ಇಪ್ಪತ್ತೆಂಟು ಚುಕ್ಕಿಯ ಹುಳುವಿಗೂ ರೋಮವಿದೆ, ಆದರೆ ಆ ಹುಳು ಗಾತ್ರದಲ್ಲಿ ಎಷ್ಟೋ ದೊಡ್ಡದು. ನಿಜವಾಗಿ ದಾರಿ ತಪ್ಪಿಸುವುದು ಕ್ರಿಪ್ಟೊಲೇಮಸ್. 1898ರಲ್ಲಿ ಆಸ್ಟ್ರೇಲಿಯಾದಿಂದ ತರಿಸಿದ ಈ ಪರದೇಶಿಯೂ ರೋಮಶವೇ, ಹಿಟ್ಟು ತಿಗಣೆಯನ್ನೇ ತಿನ್ನುತ್ತದೆ. ಅದರ ತಲೆ, ಎದೆಭಾಗ ಮತ್ತು ಕಪ್ಪು ರೆಕ್ಕೆಗಳ ತುದಿ ಕಿತ್ತಳೆ ಬಣ್ಣ. ಮೈ ಸ್ಕಿಮ್ನಸ್‌ಗಿಂತ ಹೆಚ್ಚುಕಡಿಮೆ ಇಮ್ಮಡಿ. ಇಷ್ಟು ಗೊತ್ತಿದ್ದರೆ ನಾಡಹುಳುವನ್ನು ಬೇರೆ ಮಾಡಬಹುದು.

ಮುಂದಿನದು ಕಷ್ಟ. ಸ್ಕಿಮ್ನಸ್‌ನ ಪಕ್ಕದ ಮನೆಯ ನೆಫಸ್ ಕೂಡ ಅಷ್ಟೇ ಪುಟ್ಟದು, ಅಷ್ಟೇ ಮಂಕು. ಹುಳುವನ್ನು ಅಂಗಾತ ಮಲಗಿಸಿ ಮುಂಗಾಲುಗಳ ನಡುವೆ ನೋಡಬೇಕು: ಸ್ಕಿಮ್ನಸ್‌ಗೆ ಅಲ್ಲಿ ಎರಡು ಸಣ್ಣ ಏಣುಗೆರೆಗಳಿವೆ, ನೆಫಸ್‌ಗೆ ಇಲ್ಲ. ಇದಕ್ಕೆ ಸೂಕ್ಷ್ಮದರ್ಶಕವೇ ಬೇಕು. ಕೀಟವಿಜ್ಞಾನಿ ಟಿ.ವಿ. ರಾಮಕೃಷ್ಣ ಅಯ್ಯರ್ ಹೆಸರಿಟ್ಟ ಸ್ಕಿಮ್ನಸ್ ಕಾಕ್ಸಿವೋರಾವನ್ನು ಅದರ ಬಂಧುಗಳಿಂದ ಖಚಿತವಾಗಿ ಬಿಡಿಸಿ ಹೇಳಲು ಗಂಡುಹುಳುವಿನ ಜನನಾಂಗ ಬಿಡಿಸಿ ನೋಡುವುದೇ ನೆಚ್ಚುವ ದಾರಿ. ಹಾಗಾಗಿ ಮೊಬೈಲ್ ಫೋಟೊ ನೋಡಿ ಪ್ರಭೇದದ ಹೆಸರನ್ನೂ ಹೇಳಿಬಿಡುವ ಜಾಣರನ್ನು ನಾನು ನಂಬುವುದಿಲ್ಲ. ‘ಸ್ಕಿಮ್ನಸ್ ಇದ್ದೀತು’ ಎಂದು ಬರೆದು ಸುಮ್ಮನಾಗುವುದು ಮರ್ಯಾದೆ.

ಇದಕ್ಕಿಂತ ಮುಖ್ಯವಾದದ್ದು ಮರಿಹುಳು. ಮೈತುಂಬ ಬಿಳಿ ಮೇಣ ಹೊತ್ತ ಅದು ನೋಡಲು ಥೇಟು ಹಿಟ್ಟು ತಿಗಣೆ. ತಾನು ತಿನ್ನುವ ಕೀಟದ ವೇಷದಲ್ಲೇ ಇರುವುದರಿಂದ ಎಷ್ಟೋ ತೋಟಗಳಲ್ಲಿ ತಿಗಣೆಯ ಜೊತೆಗೇ ಹೊಸಕಿಹೋಗುತ್ತದೆ. ಗುರುತು ಸುಲಭ: ತಿಗಣೆ ಕೊಂಬೆಗೆ ಬಾಯಿ ನೆಟ್ಟು ಕೂತಿರುತ್ತದೆ, ಮುಟ್ಟಿದರೂ ನಿಧಾನ; ಮರಿಹುಳು ಕಡ್ಡಿ ತಾಗಿದೊಡನೆ ಸರಸರನೆ ಓಡುತ್ತದೆ. ಔಷಧಿ ಹೊಡೆಯುವ ಮೊದಲು ಒಮ್ಮೆ ಕಡ್ಡಿ ಆಡಿಸಿ. ಓಡುವವು ಕಂಡರೆ ಪಂಪು ಕೆಳಗಿಡಿ.