ಪಂಕ್ಚರ್ ಅಂಗಡಿ ಹೇಳದ ಕಥೆ: ಜೈಪುರ ಕಾಲಿನ ಅರ್ಧ ಶತಮಾನ

ಜೈಪುರ ಕಾಲು ಎಂಬ ಕೃತಕ ಕಾಲಿನ ಬಗ್ಗೆ ಬರೆದವರಲ್ಲಿ ಅನೇಕರು ಒಂದು ಸೈಕಲ್ಲಿನಿಂದ ಶುರು ಮಾಡುತ್ತಾರೆ. ಕುಶಲಕರ್ಮಿ ರಾಮಚಂದ್ರ ಶರ್ಮರ ಸೈಕಲ್ ಪಂಕ್ಚರ್ ಆಯಿತಂತೆ. ರಿಪೇರಿಗೆ ಕೊಟ್ಟ ಅಂಗಡಿಯಲ್ಲಿ ಲಾರಿಯ ಸವೆದ ಟೈರಿಗೆ ಹೊಸ ರಬ್ಬರ್ ಕೂರಿಸುತ್ತಿದ್ದರಂತೆ. ಅದನ್ನು ಕಂಡದ್ದೇ ತಡ, ರಬ್ಬರಿನ ಪಾದ ಹೊಳೆಯಿತಂತೆ. ಕೇಳಲು ಸೊಗಸಾಗಿದೆ, ನಡೆದಿರಲೂಬಹುದು. ಆದರೆ ಈ ಕಥೆ ವರ್ಷಗಟ್ಟಲೆ ನಡೆದ ಕೆಲಸವನ್ನು ಒಂದು ಮಧ್ಯಾಹ್ನಕ್ಕೆ ಇಳಿಸಿಬಿಡುತ್ತದೆ. ಟೈರ್ ಅಂಗಡಿಯ ಮುಂದೆ ದಿನವೂ ಎಷ್ಟೋ ಜನ ಹಾದುಹೋಗುತ್ತಾರೆ. ಶರ್ಮರಿಗೆ ಮಾತ್ರ ಅಲ್ಲಿ ಪಾದ ಕಂಡದ್ದೇಕೆ?

ಉತ್ತರ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿದೆ. ಅಲ್ಲಿ ಮೂಳೆ ಶಸ್ತ್ರಚಿಕಿತ್ಸಕರಾಗಿದ್ದ ಡಾ. ಪ್ರಮೋದ್ ಕರಣ್ ಸೇಠಿ 1960ರ ದಶಕದಲ್ಲಿ ಒಂದು ವಿಚಿತ್ರ ಗಮನಿಸಿದ್ದರು. ಕೃತಕ ಕಾಲು ಹಾಕಿಸಿಕೊಂಡು ಹೋದವರು ಮತ್ತೆ ಊರುಗೋಲು ಹಿಡಿದೇ ಬರುತ್ತಿದ್ದರು. ಕೊಟ್ಟ ಕಾಲು ಮುರಿದಿರಲಿಲ್ಲ, ಮನೆಯ ಮೂಲೆ ಸೇರಿತ್ತು. ಆಗ ಬಳಕೆಯಲ್ಲಿದ್ದದ್ದು ಅಮೆರಿಕದಲ್ಲಿ 1950ರ ದಶಕದಲ್ಲಿ ರೂಪುಗೊಂಡ ‘ಸ್ಯಾಚ್’ ಪಾದ: ಒಳಗೆ ಬಾಗದ ಗಟ್ಟಿ ತಿರುಳು, ಹಿಮ್ಮಡಿಗೆ ಮೆತ್ತೆ, ಹೊರಗೆ ಬೂಟು. ಕುರ್ಚಿಯಲ್ಲಿ ಕೂತು, ಬೂಟು ಹಾಕಿ, ಸಮತಟ್ಟಾದ ರಸ್ತೆಯಲ್ಲಿ ನಡೆಯುವವರಿಗೆ ಅದು ಒಳ್ಳೆಯ ಪಾದವೇ. ರಾಜಸ್ಥಾನದ ರೈತನ ಬದುಕು ಬೇರೆ. ಅವನು ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂರಬೇಕು, ಬಯಲಿಗೆ ಹೋದರೆ ಕುಕ್ಕರಗಾಲಲ್ಲಿ ಕೂರಬೇಕು, ಹೊಲದಲ್ಲಿ ಬರಿಗಾಲಲ್ಲಿ ನಡೆಯಬೇಕು, ದೇವಸ್ಥಾನದ ಬಾಗಿಲಲ್ಲಿ ಬೂಟು ಬಿಚ್ಚಬೇಕು. ನೀರಿಗಿಳಿದರಂತೂ ಹಿಮ್ಮಡಿಯ ಮೆತ್ತೆ ಹಾಳು.

ಈ ಕೊರತೆ ನೀಗಿಸಲು ಜೊತೆಗೂಡಿದ ಸೇಠಿ ಮತ್ತು ಶರ್ಮರ ಜೋಡಿಯ ಹೆಚ್ಚುಗಾರಿಕೆ ಇರುವುದು ಇಲ್ಲಿ. ಅಮೆರಿಕದ ಕಾಲನ್ನು ಅಗ್ಗದಲ್ಲಿ ಮಾಡುವುದು ಹೇಗೆ ಎಂಬ ಪ್ರಶ್ನೆಯನ್ನು ಅವರು ಬದಿಗಿಟ್ಟರು. ನೆಲದ ಮೇಲೆ ಕೂರುವವರ ಪಾದ ಏನೇನು ಮಾಡಬಲ್ಲದು ಎಂಬುದರಿಂದ ಶುರು ಮಾಡಿದರು. ಪ್ರಶ್ನೆ ಹೀಗೆ ಬದಲಾದ ಮೇಲೆಯೇ ಟೈರಿನ ರಬ್ಬರಿಗೆ ಅರ್ಥ ಬಂದದ್ದು.

ಆಮೇಲೂ ಅದು ಸಲೀಸಾಗಿ ಕೈಗೂಡಲಿಲ್ಲ. ಪಾದವನ್ನು ಪೂರ್ತಿ ರಬ್ಬರಿನಲ್ಲೇ ಎರಕ ಹೊಯ್ದರೆ ಅದು ಭಾರ, ಜೊತೆಗೆ ಬಿರುಸು. ತೂಕ ಇಳಿಸಲು ಒಳಗೆ ಬೇರೆ ಬೇರೆ ವಸ್ತು ತುಂಬಿ ನೋಡಬೇಕಾಯಿತು. ಕೊನೆಗೆ ನೆಲೆ ನಿಂತ ಪಾದವನ್ನು ಕೊಯ್ದು ನೋಡಿದರೆ ಆ ಹುಡುಕಾಟವೇ ಕಾಣುತ್ತದೆ. ಮುಂಗಾಲಿಗೂ ಹಿಮ್ಮಡಿಗೂ ಹವಾಯಿ ಚಪ್ಪಲಿಯ ಬಗೆಯ ಹಗುರ ಸ್ಪಂಜು ರಬ್ಬರಿನ ತುಂಡುಗಳು. ಹರಡಿನ ಜಾಗದಲ್ಲಿ ಮರದ ತುಂಡು, ಮೇಲಿನ ಕಾಲಿಗೆ ಬಿಗಿಯಲು ಅದರಲ್ಲೊಂದು ಬೋಲ್ಟು. ಇವನ್ನೆಲ್ಲ ಹಿಡಿದಿಡಲು ಟೈರಿನೊಳಗಿನ ದಾರದಂಥ ನೂಲು ಸೇರಿದ ರಬ್ಬರ್ ಪಟ್ಟಿ, ಅದರ ಮೇಲೆ ಚರ್ಮದ ಬಣ್ಣದ ಹೊದಿಕೆ. ಎಲ್ಲವನ್ನೂ ಅಲ್ಯೂಮಿನಿಯಂ ಅಚ್ಚಿನಲ್ಲಿಟ್ಟು ಬೇಯಿಸಿದರೆ ಬೆರಳುಗಳೂ ಮೂಡಿದ, ನೀರು ಹೊಗದ, ಎತ್ತ ಬೇಕಾದರೂ ಬಾಗುವ ಪಾದ ಹೊರಬರುತ್ತದೆ. ಸ್ಯಾಚ್‌ನೊಳಗಿನ ಗಟ್ಟಿ ತಿರುಳನ್ನು ತೆಗೆದುಹಾಕಿದ್ದೇ ಇಲ್ಲಿನ ದೊಡ್ಡ ಧೈರ್ಯ.

ಜೈಪುರ ಕಾಲು ಹುಟ್ಟಿದ ವರ್ಷ 1968 ಎನ್ನುತ್ತಾರೆ. ಅಲ್ಲಿಂದ ಏಳು ವರ್ಷ ಅದನ್ನು ಧರಿಸಿದವರ ಸಂಖ್ಯೆ ಅರವತ್ತನ್ನೂ ಮುಟ್ಟಲಿಲ್ಲ ಎಂಬ ಲೆಕ್ಕ ಪದೇ ಪದೇ ಉಲ್ಲೇಖವಾಗುತ್ತದೆ. ಪಾದ ಸಿದ್ಧವಿತ್ತು, ಅದು ಜನರಿಗೆ ತಲುಪುವ ದಾರಿ ಸಿದ್ಧವಿರಲಿಲ್ಲ. ಅಪಘಾತವೊಂದರಲ್ಲಿ ಸ್ವತಃ ಕಾಲಿಗೆ ತೀವ್ರ ಪೆಟ್ಟು ತಿಂದಿದ್ದ ಐಎಎಸ್ ಅಧಿಕಾರಿ ಡಿ.ಆರ್. ಮೆಹ್ತಾ 1975ರಲ್ಲಿ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಕಟ್ಟಿದರು. ಯಾವಾಗ ಬಂದರೂ ಒಳಗೆ ಬಿಡುವುದು, ದುಡ್ಡು ಕೇಳದಿರುವುದು, ಆದಷ್ಟು ಬೇಗ ಕಾಲು ಹಾಕಿ ಕಳಿಸುವುದು ಅದರ ಪದ್ಧತಿಯಾಯಿತು. ಮಗ್ಗಿಯಷ್ಟು ಸರಳವಾಗಿ ಕಾಣುವ ಈ ನಿಯಮಗಳೂ ಸಂಶೋಧನೆಯೇ. ದಿನಗೂಲಿಯವನು ಅಳತೆಗೊಮ್ಮೆ, ಜೋಡಣೆಗೊಮ್ಮೆ, ತಿದ್ದುವುದಕ್ಕೊಮ್ಮೆ ಊರಿನಿಂದ ಬರಲಾರ ಎಂಬ ತಿಳಿವಳಿಕೆ ಅವುಗಳ ಹಿಂದಿದೆ.

ಮೊಣಕಾಲಿನ ಕೆಳಗಿನ ಭಾಗಕ್ಕೆ ಮೊದಲು ಅಲ್ಯೂಮಿನಿಯಂ ತಗಡನ್ನು ಬಡಿದು ಆಕಾರ ಕೊಡುತ್ತಿದ್ದರು. ಮುಂದೆ ಆ ಜಾಗಕ್ಕೆ ನೀರಾವರಿಗೆ ಬಳಸುವಂಥ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು ಬಂತು. ಪೈಪನ್ನು ಕುಲುಮೆಯಲ್ಲಿ ಕಾಯಿಸಿ, ಮೆತ್ತಗಾದ ಕೂಡಲೇ ರೋಗಿಯ ಕಾಲಿನ ಪ್ಲಾಸ್ಟರ್ ಅಚ್ಚಿನ ಮೇಲೆ ಎಳೆದರೆ ಆಯಿತು. ತಗಡಿನ ಕೆಲಸಕ್ಕೆ ಬೇಕಾಗಿದ್ದ ಹೊತ್ತು ಎಷ್ಟೋ ಉಳಿಯಿತು. ಈ ಪೈಪನ್ನು ಮೆಚ್ಚಿ ಬರೆದವರು ಕಡಿಮೆ. ಪಂಕ್ಚರ್ ಅಂಗಡಿಯಂಥ ಕಥೆ ಅದಕ್ಕಿಲ್ಲವಲ್ಲ!

ಹೆಸರು ಯಾರ ಪಾಲಾಯಿತು ಎಂಬುದನ್ನೂ ನೋಡಬೇಕು. 1981ರ ಮ್ಯಾಗ್ಸೆಸೆ ಪ್ರಶಸ್ತಿ ಸೇಠಿಯವರಿಗೆ ಬಂತು. ಅದೇ ವರ್ಷ ಅಪಘಾತದಲ್ಲಿ ಕಾಲು ಕಳೆದುಕೊಂಡ ನರ್ತಕಿ ಸುಧಾ ಚಂದ್ರನ್ ಜೈಪುರ ಕಾಲು ಧರಿಸಿ ಮತ್ತೆ ವೇದಿಕೆ ಏರಿದರು. ‘ಹಾಲು ಜೇನು’ ನಿರ್ದೇಶಿಸಿದ ಸಿಂಗೀತಂ ಶ್ರೀನಿವಾಸರಾವ್ ಆಕೆಯ ಬದುಕನ್ನು ತೆಲುಗಿನ ‘ಮಯೂರಿ’ ಚಿತ್ರವಾಗಿ ಮಾಡಿದರು, ಆಕೆಯೇ ನಾಯಕಿ. ಕಾಲಿನ ಕೀರ್ತಿ ಮನೆಮನೆ ಸೇರಿತು. ‘ಮಾಸ್ಟರ್‌ಜೀ’ ಎಂದು ಕರೆಸಿಕೊಳ್ಳುತ್ತಿದ್ದ ಶರ್ಮ ಮಾತ್ರ ಬಹುಕಾಲ ಸೈಕಲ್ ಕಥೆಯ ಪಾತ್ರವಾಗಿಯೇ ಉಳಿದರು. ರಬ್ಬರ್ ಎಷ್ಟು ಬೆಂದರೆ ಸಾಕು ಎಂಬಂಥದ್ದು ಕೈಯಿಂದ ಕೈಗೆ ದಾಟುವ ವಿದ್ಯೆ. ಪ್ರಶಸ್ತಿ ಕೊಡುವವರ ಕಣ್ಣಿಗೆ ಅದು ಸುಲಭಕ್ಕೆ ಬೀಳುವುದಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೂ ಒಂದು ತಕರಾರು ಉಳಿಯುತ್ತದೆ. ಜೈಪುರ ಕಾಲಿಗೆ ಪೇಟೆಂಟ್ ಇಲ್ಲ, ಯಾರು ಬೇಕಾದರೂ ಮಾಡಬಹುದು. ಅದು ಅಫ್ಗಾನಿಸ್ತಾನದಂಥ ನೆಲಬಾಂಬಿನ ನಾಡುಗಳಿಗೂ ಹೋಗಲು ಈ ಔದಾರ್ಯವೂ ಕಾರಣ. ಅದೇ ಕಾರಣಕ್ಕೆ ಒಂದು ಕಾರ್ಯಾಗಾರದ ಪಾದ ಇನ್ನೊಂದರಂತಿಲ್ಲ. ಕಾಲಿನ ನೇರ ಹೊಂದಿಸುವುದು ಬಹುಪಾಲು ಮಾಡುವವನ ಕಣ್ಣಳತೆಗೆ ಬಿಟ್ಟದ್ದು. ತೊಡೆಯ ಮಟ್ಟದಲ್ಲಿ ಕಾಲು ಕಳೆದುಕೊಂಡವರ ಬಗ್ಗೆ 2004ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಕ್ಷೇತ್ರ ಅಧ್ಯಯನವೊಂದು ಈ ಎಚ್‌ಡಿಪಿಇ ಪದ್ಧತಿಗೆ ಒಳ್ಳೆಯ ಅಂಕ ಕೊಡಲಿಲ್ಲ. ರೆಡ್‌ಕ್ರಾಸ್ ತನ್ನ ಕೇಂದ್ರಗಳಿಗೆ ಪಾಲಿಪ್ರೊಪಿಲೀನ್ ಪದ್ಧತಿಯನ್ನು ಬೆಳೆಸಿಕೊಂಡಿತು.

ಕೊರತೆಯ ಬೇರು ಊರೂರಿಗೆ ಹೋಗಿ ಕಾಲು ಹಾಕುವ ಶಿಬಿರದ ಪದ್ಧತಿಯಲ್ಲೇ ಇದೆ ಎನಿಸುತ್ತದೆ. ಈ ಪಾದ ಹುಟ್ಟಿದ್ದು ದೂರು ಹೊತ್ತು ಮರಳಿ ಬಂದ ರೋಗಿಗಳಿಂದ; ಅವರು ಊರುಗೋಲಿನ ಸಮೇತ ಸೇಠಿಯವರ ಕಣ್ಣಿಗೆ ಬಿದ್ದದ್ದರಿಂದ. ಶಿಬಿರ ಕೆಲವೇ ದಿನಗಳಲ್ಲಿ ನೂರಾರು ಜನರಿಗೆ ಕಾಲು ಹಾಕಿ ಮುಂದಿನ ಊರಿಗೆ ಹೋಗುತ್ತದೆ. ಮೂರು ತಿಂಗಳ ಮೇಲೆ ಉಜ್ಜಿ ಗಾಯವಾದವನು ಯಾರಿಗೆ ಹೇಳಬೇಕು? ಕೊಟ್ಟ ಕಾಲುಗಳ ಲೆಕ್ಕ ಬ್ಯಾನರಿನಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ, ಬಿಚ್ಚಿಟ್ಟ ಕಾಲುಗಳ ಲೆಕ್ಕ ಕಾಣುವುದಿಲ್ಲ.

ದೂರು ಕಿವಿಗೆ ಬಿದ್ದ ಕಡೆ ಕೆಲಸ ಮುಂದೆ ಸಾಗಿದ್ದೂ ಉಂಟು. ಬಾಗಿಲಿನ ಹಿಂಜಿನಂತೆ ಒಂದೇ ಅಕ್ಷದಲ್ಲಿ ಮಡಚುತ್ತಿದ್ದ ಹಳೆಯ ಮೊಣಕಾಲು ಏರುತಗ್ಗಿನ ನೆಲದಲ್ಲಿ ತಟ್ಟನೆ ಮಡಚಿಕೊಂಡು ಜನರನ್ನು ಬೀಳಿಸುತ್ತಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸಮಿತಿಯ ಜೊತೆಗೂಡಿ, ಒಂದಕ್ಕಿಂತ ಹೆಚ್ಚು ಅಕ್ಷಗಳಲ್ಲಿ ಮಡಚುವ ನೈಲಾನ್ ಮೊಣಕಾಲು ಮಾಡಿದರು. ಟೈಮ್ ಪತ್ರಿಕೆ ಅದನ್ನು 2009ರ ಉತ್ತಮ ಆವಿಷ್ಕಾರಗಳ ಪಟ್ಟಿಗೆ ಸೇರಿಸಿತು. ಪಾಲಿಯುರೆಥೇನ್ ಪಾದದ ತಂತ್ರಜ್ಞಾನವನ್ನು ಇಸ್ರೊ ಸಮಿತಿಗೆ ಕೊಟ್ಟಿದೆ: ತೂಕ ಕಡಿಮೆ, ಎರಕ ಹೊಯ್ಯುವುದರಿಂದ ಒಂದರ ಹಾಗೆ ಇನ್ನೊಂದು. ರಬ್ಬರ್ ಪಾದದ ಭಾರಕ್ಕೂ ಕೈಕೆಲಸದ ಏರುಪೇರಿಗೂ ಅದು ನೇರ ಉತ್ತರ. ಕೆಸರು ಗದ್ದೆಯಲ್ಲಿ ಅದು ಎಷ್ಟು ಮಳೆಗಾಲ ತಾಳುತ್ತದೆ ಎಂಬುದನ್ನು ಪ್ರಯೋಗಾಲಯದವರಲ್ಲ, ಧರಿಸಿದವರೇ ಹೇಳಬೇಕು. ಹೇಳಲು ಅವರಿಗೊಂದು ಜಾಗವೂ ಬೇಕು.